ಶಿಯಾನ್‌ಗೆ ಬಂದ ನೆಂಟರು: ನೋಟವೂ ಊಟವೂ

ಚೀನಾದ ಶಾನ್‌ಶಿ ಪ್ರಾಂತದಲ್ಲಿ, ಉತ್ತರಕ್ಕೆ ವೇ ನದಿ, ದಕ್ಷಿಣಕ್ಕೆ ಚಿನ್‌ಲಿಂಗ್ ಪರ್ವತಶ್ರೇಣಿ, ಇವೆರಡರ ನಡುವಣ ಫಲವತ್ತಾದ ಬಯಲಿನಲ್ಲಿ ಶಿಯಾನ್ ನಗರವಿದೆ. ಕನ್ನಡ ಪತ್ರಿಕೆಗಳಲ್ಲಿ ಕ್ಸಿಯಾನ್ ಎಂದೂ ಅಚ್ಚಾಗುವ ಈ ಊರು ಇಂದು ಪ್ರಾಂತದ ರಾಜಧಾನಿ. 2020ರ ಜನಗಣತಿಯಂತೆ ಸುಮಾರು 1 ಕೋಟಿ 30 ಲಕ್ಷ ಜನರ ನೆಲೆ. ಹಾನ್ ಮತ್ತು ತಾಂಗ್ ವಂಶಗಳ ಕಾಲದಲ್ಲಿ ಇದೇ ನೆಲದಲ್ಲಿದ್ದ ಚಾಂಗ್‌ಆನ್ ಇಡೀ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಮಧ್ಯ ಏಷ್ಯದ ಮರಳುಗಾಡುಗಳನ್ನು ದಾಟಿ ಬರುತ್ತಿದ್ದ ರೇಷ್ಮೆ ಮಾರ್ಗದ ವ್ಯಾಪಾರಿಗಳು ಒಂಟೆಗಳ ಹೊರೆ ಇಳಿಸುತ್ತಿದ್ದುದು ಇಲ್ಲಿನ ಪಶ್ಚಿಮ ಪೇಟೆಯಲ್ಲಿ.

ಕಳೆದ ನಾಲ್ಕು ದಶಕಗಳಲ್ಲಿ ಓದಿಗಾಗಿ, ನೌಕರಿಗಾಗಿ ಹುಟ್ಟೂರು ಬಿಟ್ಟ ಚೀನಾದ ಮಕ್ಕಳು ದೂರದ ನಗರಗಳಲ್ಲಿ ಮನೆ ಮಾಡಿದ್ದಾರೆ. ಹೀಗಾಗಿ ತಂದೆತಾಯಿ, ಅಜ್ಜ ಅಜ್ಜಿ, ಸೋದರಮಾವಂದಿರು ರಜೆಯ ದಿನಗಳಲ್ಲಿ ಅವರ ಮನೆಗೆ ಬಂದು ಕೆಲವು ದಿನ ಇದ್ದು ಹೋಗುವುದು ಅಲ್ಲಿನ ಕುಟುಂಬಜೀವನದ ಬಹುಮುಖ್ಯ ಅಂಗವಾಗಿದೆ. ಬಂದವರಿಗೆ ಊರು ತೋರಿಸುವುದೂ ಊರಿನ ತಿನಿಸುಗಳನ್ನು ಉಣಿಸುವುದೂ ಮನೆಯವರ ಹೊಣೆ. ಇವೆರಡರಲ್ಲಿ ಒಂದು ತಪ್ಪಿದರೂ ಆತಿಥ್ಯ ಅರ್ಧಕ್ಕೇ ನಿಂತಿತೆಂದು ಅಲ್ಲಿನ ಜನ ಭಾವಿಸುತ್ತಾರೆ. ಚೀನಾದ ವೈದ್ಯಕೀಯ ಕಾಲೇಜುಗಳಲ್ಲಿ ಓದುವ, ಅಲ್ಲಿನ ಕಂಪನಿಗಳಲ್ಲಿ ದುಡಿಯುವ ಭಾರತೀಯರಲ್ಲಿ ಕನ್ನಡಿಗರೂ ಇರುವುದರಿಂದ, ಮಕ್ಕಳನ್ನು ನೋಡಲೆಂದು ಅಲ್ಲಿಗೆ ಹೋಗುವ ಹಿರಿಯರಿಗೂ ಈ ವಿಷಯ ಹೊರಗಿನದಲ್ಲ.

ಶಿಯಾನ್‌ನಲ್ಲಿ ನೋಡುವ ಸ್ಥಳಗಳನ್ನು ಒಂದು ಪಟ್ಟಿಯಾಗಿಯೂ ತಿನ್ನುವ ತಿನಿಸುಗಳನ್ನು ಇನ್ನೊಂದು ಪಟ್ಟಿಯಾಗಿಯೂ ಬರೆದುಕೊಂಡು ಹೊರಡುವುದು ಸಾಮಾನ್ಯವಾದರೂ ಅದರಿಂದ ಊರಿನ ಅರ್ಧ ಸ್ವರೂಪ ಕೈತಪ್ಪುತ್ತದೆ. ಇಲ್ಲಿನ ಕೋಟೆ, ಗೋರಿ, ಗೋಪುರಗಳು ಅರಸರ ಆಜ್ಞೆಯಿಂದ ಎದ್ದವು, ಅವುಗಳ ಚರಿತ್ರೆಯಲ್ಲಿ ಅರಸರ ಹೆಸರುಗಳೇ ಎದ್ದು ಕಾಣುತ್ತವೆ. ಆದರೆ ಈ ಊರಿಗೆ ಬಂದು ನೆಲೆನಿಂತ ವರ್ತಕರು, ಸೈನಿಕರು, ಒಂಟೆ ಹೊಡೆಯುವವರು, ರೊಟ್ಟಿ ಸುಡುವವರು ತಂದದ್ದು ಉಳಿದಿರುವುದು ಅಡುಗೆಮನೆಯಲ್ಲಿ. ಒಂದು ದಿನಕ್ಕೆ ಒಂದು ದೊಡ್ಡ ಸ್ಥಳ, ಆ ಸ್ಥಳದ ಕಥೆಗೆ ಸೇರಿದ ಒಂದು ಊಟ ಎಂದು ಇಟ್ಟುಕೊಂಡರೆ ವಯಸ್ಸಾದವರಿಗೂ ದಣಿವಾಗುವುದಿಲ್ಲ, ಮಕ್ಕಳಿಗೂ ಬೇಸರವಾಗುವುದಿಲ್ಲ, ನೋಡಿದ್ದಕ್ಕೂ ಉಂಡದ್ದಕ್ಕೂ ಪರಸ್ಪರ ಸಂಬಂಧವುಂಟಾಗುತ್ತದೆ.

ಹೋಗುವ ಕಾಲದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಕ್ಟೋಬರ್ 1ರಂದು ಚೀನಾದ ರಾಷ್ಟ್ರೀಯ ದಿನ. ಅಂದಿನಿಂದ ಒಂದು ವಾರ ದೇಶವೇ ರಜೆಯಲ್ಲಿರುವುದರಿಂದ ಆ ವಾರವನ್ನು ಬಿಟ್ಟು ಮುಂದಿನ ದಿನಗಳಲ್ಲಿ ಹೋಗುವುದು ಲೇಸು. ದೊಡ್ಡ ಸ್ಥಳಗಳ ಟಿಕೆಟ್ಟನ್ನು ಗುರುತಿನ ಚೀಟಿಯ ಹೆಸರಿಗೆ ಮುಂಗಡವಾಗಿ ಪಡೆಯಬೇಕಾಗುತ್ತದೆ. ವಿದೇಶಿಯರು ಪಾಸ್‌ಪೋರ್ಟನ್ನು ಸದಾ ಕೈಯಲ್ಲಿಟ್ಟುಕೊಂಡಿರಬೇಕು.

ನೆಂಟರು ಬಂದಿಳಿದ ದಿನ ಸಂಜೆ ದೂರ ಎಲ್ಲಿಗೂ ಕರೆದೊಯ್ಯದೆ ಊರಿನ ನಡುವಿನ ಕೋಟೆಗೋಡೆಯನ್ನು ಹತ್ತಿಸುವುದು ಒಳ್ಳೆಯ ರೂಢಿ. ಮಿಂಗ್ ವಂಶದ ಮೊದಲ ಚಕ್ರವರ್ತಿ ಹೋಂಗ್‌ವು ಕಾಲದಲ್ಲಿ, 1370ರಲ್ಲಿ ಕೆಲಸ ಆರಂಭವಾಗಿ 1378ರಲ್ಲಿ ಮುಗಿದ ಈ ಗೋಡೆ ಸುಮಾರು 13.7 ಕಿಲೋಮೀಟರ್ ಸುತ್ತಳತೆಯದು. ಎತ್ತರ 12 ಮೀಟರ್, ಮೇಲಿನ ಅಗಲವೂ ಸುಮಾರು ಅಷ್ಟೇ ಇರುವುದರಿಂದ ಅದರ ಮೇಲೆ ಬಾಡಿಗೆ ಸೈಕಲ್ ಹತ್ತಿ ಇಡೀ ಹಳೆಯ ಊರನ್ನು ಒಂದು ಸುತ್ತು ಬರಬಹುದು. ಒಳಗಿರುವುದು ಧಮ್ಮಸು ಮಾಡಿದ ಮಣ್ಣು, ಅಂದರೆ ಪದರ ಪದರವಾಗಿ ಹಾಕಿ ಗುದ್ದಿ ಗಟ್ಟಿಮಾಡಿದ ಮಣ್ಣು. ಇಟ್ಟಿಗೆಯ ಹೊದಿಕೆ ಬಂದದ್ದು ಸುಮಾರು ಎರಡು ಶತಮಾನಗಳ ಅನಂತರ, 1568ರಲ್ಲಿ. ಈ ಕೋಟೆಯೇ ದೊಡ್ಡದೆಂದು ಕಾಣುವ ನೆಂಟರಿಗೆ, ತಾಂಗ್ ಕಾಲದ ಚಾಂಗ್‌ಆನ್ 84 ಚದರ ಕಿಲೋಮೀಟರ್ ವಿಸ್ತಾರವಾಗಿತ್ತೆಂದೂ ಮಿಂಗರ ಗೋಡೆ ಸುತ್ತುವರಿದಿರುವುದು ಅದರ ಒಂದು ಸಣ್ಣ ಪಾಲನ್ನು ಮಾತ್ರವೆಂದೂ ಹೇಳಿದರೆ ಹಳೆಯ ನಗರದ ಅಳತೆ ಅರಿವಿಗೆ ಬರುತ್ತದೆ. ಗೋಡೆಯಿಂದ ಇಳಿದರೆ 1384ರಲ್ಲಿ ಕಟ್ಟಿದ ಗಂಟೆಗೋಪುರವೂ 1380ರ ನಗಾರಿಗೋಪುರವೂ ಹತ್ತಿರದಲ್ಲೇ ಇವೆ. ಬೆಳಗ್ಗೆ ಗಂಟೆ, ಸಂಜೆ ನಗಾರಿ ಬಾರಿಸಿ ಊರಿನ ಬಾಗಿಲುಗಳ ಹೊತ್ತನ್ನು ಸಾರುತ್ತಿದ್ದ ಕಟ್ಟಡಗಳು ಅವು.

ಎರಡನೆಯ ದಿನ ಲಿನ್‌ತೋಂಗ್‌ಗೆ ಮೀಸಲು. ನಗರದ ಪೂರ್ವಕ್ಕೆ ಸುಮಾರು 35 ಕಿಲೋಮೀಟರ್ ದೂರದ ಈ ಪ್ರದೇಶದಲ್ಲಿ 1974ರ ಮಾರ್ಚ್ ತಿಂಗಳಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಸುಟ್ಟ ಮಣ್ಣಿನ ಆಕೃತಿಗಳ ಚೂರುಗಳು ಸಿಕ್ಕವು, ಕ್ರಿ.ಪೂ. 221ರಲ್ಲಿ ಚೀನಾವನ್ನು ಒಂದುಗೂಡಿಸಿದ ಚಿನ್ ಶಿ ಹುವಾಂಗ್ ಚಕ್ರವರ್ತಿಯ ಗೋರಿಯನ್ನು ಕಾಯಲೆಂದು ಹೂತಿಟ್ಟ ಮಣ್ಣಿನ ಸೈನ್ಯ ಬೆಳಕಿಗೆ ಬಂದದ್ದು ಹೀಗೆ. 1979ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು, 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ತಾಣವೆಂದು ಗುರುತಿಸಿತು. ಮೊದಲನೆಯ ಅಗೆತದ ಕುಳಿಯೊಂದೇ 230 ಮೀಟರ್ ಉದ್ದ, 62 ಮೀಟರ್ ಅಗಲ. ಮೂರು ಕುಳಿಗಳಲ್ಲೂ ಕೂಡಿ ಎಂಟು ಸಾವಿರದಷ್ಟು ಆಳುಗಳಿರಬಹುದೆಂದು ವಿದ್ವಾಂಸರ ಅಂದಾಜು, ಅವರಲ್ಲಿ ಹೆಚ್ಚಿನವರು ಇನ್ನೂ ಮಣ್ಣಿನಡಿಯಲ್ಲೇ ಇದ್ದಾರೆ.

ಮೊದಲ ಕುಳಿಯ ಕಟಕಟೆಯ ಬಳಿ ಜನಜಂಗುಳಿಯಲ್ಲಿ ನಿಂತು ಸಾಲುಸಾಲು ತಲೆಗಳನ್ನು ನೋಡಿ ಹಿಂತಿರುಗಿದರೆ ನೆಂಟರಿಗೆ ಇಲ್ಲಿನ ಶಿಲ್ಪಿಗಳ ಕೈ ಕಾಣುವುದಿಲ್ಲ. ಎರಡನೆಯ ಕುಳಿಯಲ್ಲಿ ಸಿಕ್ಕ, ಮಂಡಿಯೂರಿ ಕುಳಿತ ಬಿಲ್ಲುಗಾರನನ್ನು ಗಾಜಿನ ಪೆಟ್ಟಿಗೆಯಲ್ಲಿ ಪ್ರತ್ಯೇಕವಾಗಿ ಇರಿಸಿದ್ದಾರೆ. ಅವನ ಹಿಂಬದಿಗೆ ಹೋಗಿ ಬಾಗಿ ನೋಡಿದರೆ ನೆಲಕ್ಕೂರಿದ ಬಲಗಾಲಿನ ಪಾದರಕ್ಷೆಯ ಅಡಿ ಕಾಣುತ್ತದೆ: ಬಟ್ಟೆಯ ಪದರಗಳನ್ನು ಸೇರಿಸಿ ಹೊಲಿದ ಹೊಲಿಗೆಯ ಗಂಟುಗಳನ್ನು ಶಿಲ್ಪಿ ಒಂದೊಂದಾಗಿ ಒತ್ತಿದ್ದಾನೆ, ಬೆರಳಿನ ಕಡೆಗೂ ಹಿಮ್ಮಡಿಯ ಕಡೆಗೂ ಅವು ದಟ್ಟ, ನಡುವೆ ವಿರಳ, ಏಕೆಂದರೆ ಸವೆಯುವುದು ಆ ಎರಡು ಕಡೆಗಳಲ್ಲೇ. ಮಣ್ಣಿನಡಿ ಹೂತುಹೋಗಲಿದ್ದ ವಿಗ್ರಹದ ಪಾದದಡಿಯಲ್ಲಿ ಇಂಥ ಶ್ರದ್ಧೆಯನ್ನು ತೋರಿದ ಕುಶಲಕರ್ಮಿಯ ಮುಂದೆ ಚಕ್ರವರ್ತಿಯ ವೈಭವ ಸಣ್ಣದಾಗುತ್ತದೆ. ಬಿಲ್ಲುಗಾರನ ಮೈಮೇಲೆ ಅಲ್ಲಲ್ಲಿ ಬಣ್ಣದ ಗುರುತುಗಳೂ ಉಳಿದಿವೆ. ಈ ಆಳುಗಳಿಗೆಲ್ಲ ಮೊದಲು ಅರಗಿನ ಮರದ ರಸದ ಲೇಪ ಕೊಟ್ಟು ಅದರ ಮೇಲೆ ಕೆಂಪು, ಹಸಿರು, ನೀಲಿ, ನೇರಳೆ ಬಣ್ಣಗಳನ್ನು ಬಳಿದಿದ್ದರು. ಎರಡು ಸಾವಿರ ವರ್ಷ ತೇವದಲ್ಲಿದ್ದ ಆ ಲೇಪ, ಅಗೆದು ಹೊರತೆಗೆದೊಡನೆ ಒಣಗಿ, ಕೆಲವೇ ನಿಮಿಷಗಳಲ್ಲಿ ಸುರುಳಿಗೊಂಡು ಬಣ್ಣದೊಡನೆ ಕಳಚಿ ಬೀಳುತ್ತದೆ. ಉಳಿದವರನ್ನು ಅವಸರದಿಂದ ಅಗೆಯದಿರುವುದಕ್ಕೂ ಚಕ್ರವರ್ತಿಯ ಗೋರಿಯ ದಿಬ್ಬವನ್ನು ಇದುವರೆಗೆ ತೆರೆಯದಿರುವುದಕ್ಕೂ ಇಂಥ ನಷ್ಟದ ಭಯವೇ ಒಂದು ಕಾರಣ. ಇದು ವಿವೇಕದ ನಿರ್ಧಾರವೆಂದೇ ಹೇಳಬೇಕು.

ಲಿನ್‌ತೋಂಗ್‌ನ ಊಟ ಹಣ್ಣಿನದು. ಶರತ್ಕಾಲದಲ್ಲಿ ಇಲ್ಲಿನ ರಸ್ತೆಯ ಬದಿಗಳಲ್ಲಿ ದಾಳಿಂಬೆಯ ರಾಶಿಗಳು ಇರುತ್ತವೆ. ದಾಳಿಂಬೆ ಚೀನಾದ ಮೂಲ ಹಣ್ಣಲ್ಲ. ಇರಾನ್ ಮತ್ತು ಮಧ್ಯ ಏಷ್ಯದ ಕಡೆಯಿಂದ ಬಂದದ್ದು. ಕ್ರಿ.ಪೂ. 138ರಲ್ಲಿ ಹಾನ್ ಚಕ್ರವರ್ತಿ ವು ಪಶ್ಚಿಮಕ್ಕೆ ಕಳುಹಿಸಿದ ಜಾಂಗ್ ಚಿಯಾನ್ ಎಂಬ ರಾಯಭಾರಿಯೇ ಅದನ್ನು ತಂದನೆಂಬುದು ಜನರ ನಂಬಿಕೆ, ಅದಕ್ಕೆ ಗಟ್ಟಿ ದಾಖಲೆಯಿಲ್ಲದಿದ್ದರೂ ಆತ ತೆರೆದ ದಾರಿಯಲ್ಲೇ ಅದು ಬಂದಿತೆಂಬುದು ಸಹಜವಾದ ಊಹೆ. ಇಂದು ದಾಳಿಂಬೆಯ ಹೂವು ಶಿಯಾನ್ ನಗರದ ಅಧಿಕೃತ ಹೂವಾಗಿದೆ. ಇದರ ಜೊತೆಗೇ ಸಿಗುವ ಇನ್ನೊಂದು ಹಣ್ಣು ಪರ್ಸಿಮನ್: ಟೊಮೇಟೊದಷ್ಟು ಕೆಂಪಗೆ, ಮುಟ್ಟಿದರೆ ಒಡೆಯುವಷ್ಟು ಮೆತ್ತಗೆ ಇರುವ ಈ ಹಣ್ಣಿನ ತಿರುಳನ್ನು ಗೋಧಿಹಿಟ್ಟಿಗೆ ಕಲಸಿ, ಒಳಗೆ ಸಕ್ಕರೆ, ಅಕ್ರೋಟಿನ ಚೂರು ಮತ್ತು ಪರಿಮಳದ ಹೂವಿನ ದಳಗಳ ಹೂರಣವಿಟ್ಟು, ಚಪ್ಪಟೆಯಾಗಿ ತಟ್ಟಿ, ಎಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಬೇಯಿಸಿ ಕೊಡುತ್ತಾರೆ. ಸಮೀಪದ ಹುವಾಚಿಂಗ್ ಬಿಸಿನೀರ ಬುಗ್ಗೆಗಳು ತಾಂಗ್ ಚಕ್ರವರ್ತಿ ಷ್ವಾನ್‌ಜೋಂಗ್ ಮತ್ತು ಯಾಂಗ್ ಗುಯಿಫೇ ಅವರ ಪ್ರಣಯದ ಕಥೆಗೂ, 1936ರ ಡಿಸೆಂಬರ್ 12ರಂದು ಅಂದಿನ ಚೀನೀ ಸರ್ಕಾರದ ನಾಯಕ ಚಿಯಾಂಗ್ ಕಾಯ್‌ಷೆಕ್ ಸೆರೆಯಾದ ಘಟನೆಗೂ ಹೆಸರಾಗಿವೆ. ನೆಂಟರಿಗೆ ಕಾಲುನೋವಿಲ್ಲದಿದ್ದರೆ ಮಾತ್ರ ಅಲ್ಲಿಗೆ ಹೋಗಬಹುದು.

ಕನ್ನಡ ನಾಡಿನಿಂದ ಹೋದವರು ತಪ್ಪಿಸಬಾರದ ಸ್ಥಳ ಮಹಾ ಕಾಡುಬಾತು ಗೋಪುರ. ನಗರದ ದಕ್ಷಿಣದಲ್ಲಿ ತ್ಸಿಯೆನ್ ಮಠದ ಆವರಣದಲ್ಲಿರುವ ಈ ಇಟ್ಟಿಗೆಯ ಪಗೋಡ, ಅಂದರೆ ಅಂತಸ್ತುಗಳ ಬೌದ್ಧ ಗೋಪುರ, ಮೊದಲು 652ರಲ್ಲಿ ಎದ್ದು 701ರಿಂದ 704ರ ನಡುವೆ ಪುನರ್ನಿರ್ಮಾಣಗೊಂಡಿತು. ಈಗಿರುವುದು ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ. ಇದನ್ನು ಕಟ್ಟಿಸಲು ಕಾರಣನಾದವನು ಭಾರತೀಯ ಶಾಲಾಪಠ್ಯಗಳಲ್ಲಿ ಹ್ಯುಯೆನ್ ತ್ಸಾಂಗ್ ಎಂದು ಪರಿಚಿತನಾದ ಯಾತ್ರಿಕ ಭಿಕ್ಷು. ಹದಿನಾರು ವರ್ಷಗಳಿಗೂ ಹೆಚ್ಚು ಕಾಲ ಹೊರಗಿದ್ದು, ನಾಲಂದಾದಲ್ಲಿ ಶೀಲಭದ್ರನ ಬಳಿ ಓದಿ, 645ರಲ್ಲಿ 657 ಸಂಸ್ಕೃತ ಗ್ರಂಥಗಳನ್ನು ಇಪ್ಪತ್ತು ಕುದುರೆಗಳ ಮೇಲೆ ಹೇರಿಕೊಂಡು ಚಾಂಗ್‌ಆನ್‌ಗೆ ಮರಳಿದ ಆತ, ಬೆಂಕಿಯಿಂದಲೂ ಕಾಲದಿಂದಲೂ ಅವುಗಳನ್ನು ಕಾಪಾಡುವುದಕ್ಕೆ ಗಟ್ಟಿ ಕಟ್ಟಡ ಬೇಕೆಂದು ಚಕ್ರವರ್ತಿ ಗಾವೋಜೋಂಗನಲ್ಲಿ ಕೋರಿದ. 664ರಲ್ಲಿ ತೀರಿಕೊಳ್ಳುವವರೆಗೂ ಅನುವಾದದಲ್ಲೇ ತೊಡಗಿದ್ದ.

646ರಲ್ಲಿ ಪೂರ್ಣಗೊಂಡ ಅವನ ಪ್ರವಾಸಗ್ರಂಥದಲ್ಲಿ ಮಹಾರಾಷ್ಟ್ರವೆಂದು ಕರೆದ ನಾಡಿನ ವರ್ಣನೆಯಿದೆ. ಅಲ್ಲಿನ ಅರಸನ ಹೆಸರು ಪುಲಕೇಶಿ, ಜನರು ಸ್ವಾಭಿಮಾನಿಗಳು, ಉಪಕಾರಕ್ಕೆ ಕೃತಜ್ಞರು, ಅಪಕಾರಕ್ಕೆ ಬಿಡದೆ ಸೇಡು ತೀರಿಸುವವರು, ಯುದ್ಧಕ್ಕೆ ಮೊದಲು ಆನೆಗಳಿಗೆ ಮದ್ಯ ಕುಡಿಸಿ ನುಗ್ಗಿಸುತ್ತಾರೆ, ಉತ್ತರದ ಶೀಲಾದಿತ್ಯನಿಗೆ, ಅಂದರೆ ಹರ್ಷನಿಗೆ, ಈ ನಾಡನ್ನು ಮಣಿಸಲಾಗಲಿಲ್ಲ ಎಂಬ ಭಾವ ಅಲ್ಲಿ ಬರುತ್ತದೆ. ಈ ಪುಲಕೇಶಿಯು ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿ. ಹರ್ಷನ ಮೇಲೆ ಆತ ಸಾಧಿಸಿದ ಗೆಲುವನ್ನು 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಹಾಡಿದ್ದಾನೆ. ತನ್ನ ದೊರೆಯನ್ನು ಹೊಗಳುವ ಆಸ್ಥಾನಕವಿಯ ಮಾತಿಗೆ, ಯಾವ ಹಂಗೂ ಇಲ್ಲದ ಪರದೇಶದ ಭಿಕ್ಷುವೊಬ್ಬ ದೂರದ ಚಾಂಗ್‌ಆನ್‌ನಲ್ಲಿ ಕುಳಿತು ಬರೆಸಿದ ಸಾಕ್ಷ್ಯ ಬೆಂಬಲವಾಗಿ ನಿಲ್ಲುತ್ತದೆ. ಬಾಗಲಕೋಟೆಯ ಕಡೆಯಿಂದ ಮಗನನ್ನೋ ಮಗಳನ್ನೋ ನೋಡಲು ಹೋದ ತಂದೆತಾಯಿಗೆ ಈ ಗೋಪುರದ ಬುಡದಲ್ಲಿ ಇದನ್ನು ತಿಳಿಸಿ ಹೇಳುವುದು ಮಕ್ಕಳ ಕರ್ತವ್ಯವೆಂದರೂ ತಪ್ಪಾಗದು.

ಭಾರತದಿಂದ ಚಾಂಗ್‌ಆನ್‌ಗೆ ಹೋದದ್ದು ಗ್ರಂಥಗಳಷ್ಟೇ ಅಲ್ಲ. 647ರಲ್ಲಿ ಚಕ್ರವರ್ತಿ ತಾಯ್‌ಜೋಂಗ್ ಕಬ್ಬಿನ ರಸದಿಂದ ಸಕ್ಕರೆ ಮಾಡುವ ವಿಧಾನವನ್ನು ಕಲಿತು ಬರಲು ಮಗಧಕ್ಕೆ ಜನರನ್ನು ಕಳುಹಿಸಿದನೆಂದು ತಾಂಗ್ ವಂಶದ ಚರಿತ್ರೆ ದಾಖಲಿಸಿದೆ. ಕರಿಮೆಣಸು ಅಲ್ಲಿ ಎಷ್ಟು ಬೆಲೆಬಾಳುತ್ತಿತ್ತೆಂಬುದಕ್ಕೂ ಅದೇ ಚರಿತ್ರೆಯಲ್ಲಿ ನಿದರ್ಶನವಿದೆ: 777ರಲ್ಲಿ ಮರಣದಂಡನೆಗೆ ಗುರಿಯಾದ ಯುವಾನ್ ಜಾಯ್ ಎಂಬ ಮಂತ್ರಿಯ ಆಸ್ತಿಯನ್ನು ಮುಟ್ಟುಗೋಲು ಹಾಕಿದಾಗ ಎಂಟುನೂರು ಹೇರುಗಳಷ್ಟು ಮೆಣಸು ಸಿಕ್ಕಿತಂತೆ, ಲಂಚದ ಗಂಟು ಹೊನ್ನಿನಷ್ಟೇ ಮೆಣಸಿನಲ್ಲೂ ಇತ್ತು. ಭಾರತದ ಪಶ್ಚಿಮ ಕರಾವಳಿಯ ಬಳ್ಳಿಗಳಲ್ಲಿ ಬೆಳೆಯುವ ಕಾಳು ಅದು.

ಶಿಯಾನ್‌ನ ಅಡುಗೆಯ ಕೇಂದ್ರ ಯಾವುದೆಂದು ಕೇಳಿದರೆ ನಗಾರಿಗೋಪುರದ ಹಿಂದಿರುವ ಮುಸ್ಲಿಮರ ಕೇರಿಯತ್ತ ಎಲ್ಲರೂ ಬೆರಳು ತೋರಿಸುತ್ತಾರೆ. ರೇಷ್ಮೆ ಮಾರ್ಗದಲ್ಲಿ ಬಂದ ಅರಬ್, ಪಾರಸಿಕ, ಮಧ್ಯ ಏಷ್ಯದ ವರ್ತಕರ ಹಾಗೂ ಸೈನಿಕರ ಸಂತತಿಯು ಸ್ಥಳೀಯರೊಡನೆ ಬೆರೆತು ರೂಪುಗೊಂಡ ಜನಸಮುದಾಯಕ್ಕೆ ಹುಯಿ ಎಂದು ಹೆಸರು. ಅವರಾಡುವುದು ಚೀನೀ ಭಾಷೆ, ಅನುಸರಿಸುವುದು ಇಸ್ಲಾಂ. ಈ ಕೇರಿಯ ಓಣಿಯೊಂದರಲ್ಲಿ ದೊಡ್ಡ ಮಸೀದಿಯಿದೆ. ಎಂಟನೆಯ ಶತಮಾನದಲ್ಲಿ ಸ್ಥಾಪನೆಯಾಯಿತೆಂಬ ಪ್ರತೀತಿ ಇದ್ದರೂ ಈಗಿನ ಕಟ್ಟಡಗಳು ಹೆಚ್ಚಾಗಿ ಮಿಂಗ್ ಕಾಲದವು. ಗುಮ್ಮಟವಾಗಲಿ ಎತ್ತರದ ಮಿನಾರಾಗಲಿ ಇಲ್ಲ. ಒಂದರ ಹಿಂದೊಂದು ಅಂಗಳ, ಮೇಲಕ್ಕೆ ಬಾಗಿದ ಹೆಂಚಿನ ಸೂರು, ಮರದ ಕಮಾನು, ಎಂಟು ಮೂಲೆಯ ಚಾವಡಿಗೋಪುರ, ಎಲ್ಲವೂ ಚೀನೀ ದೇವಾಲಯದ ರೀತಿಯವು, ಆದರೆ ಅಲ್ಲಿನ ದೇವಾಲಯಗಳು ಸಾಮಾನ್ಯವಾಗಿ ದಕ್ಷಿಣಾಭಿಮುಖವಾದರೆ ಇದು ಮೆಕ್ಕಾದ ದಿಕ್ಕಾದ ಪಶ್ಚಿಮಕ್ಕೆ ಸಾಗುತ್ತದೆ. ಪೇಟೆಯ ಗದ್ದಲದಿಂದ ಹತ್ತು ಹೆಜ್ಜೆ ಒಳಬಂದರೆ ಸಿಗುವ ಈ ಅಂಗಳಗಳಲ್ಲಿ ಹಿರಿಯರು ಕೊಂಚ ಹೊತ್ತು ಕುಳಿತು ವಿಶ್ರಮಿಸಬಹುದು. ಪ್ರಾರ್ಥನಾಮಂದಿರದೊಳಕ್ಕೆ ಮಾತ್ರ ಅನ್ಯಮತೀಯರಿಗೆ ಪ್ರವೇಶವಿಲ್ಲ.

ಹುಯಿ ಜನರ ಅಡುಗೆಯಲ್ಲಿ ನೆಂಟರಿಗಾಗಿಯೇ ಹೇಳಿ ಮಾಡಿಸಿದಂತಿರುವುದು ಯಾಂಗ್‌ರೋ ಪಾವ್‌ಮೋ, ಅಂದರೆ ಕುರಿಮಾಂಸದ ಸಾರಿನಲ್ಲಿ ನೆನೆದ ರೊಟ್ಟಿ. ಉಪಾಹಾರಗೃಹದಲ್ಲಿ ಕುಳಿತ ಪ್ರತಿಯೊಬ್ಬರ ಮುಂದೆ ಒಂದು ಬೋಗುಣಿಯನ್ನೂ ಅಂಗೈಯಗಲದ, ದಪ್ಪನೆಯ, ಅರ್ಧ ಮಾತ್ರ ಹುದುಗಿದ ಹಿಟ್ಟಿನಿಂದ ಸುಟ್ಟ ಗಟ್ಟಿ ರೊಟ್ಟಿಯನ್ನೂ ಇಡುತ್ತಾರೆ. ಅದನ್ನು ಮುರಿಯುವ ಕೆಲಸ ಉಣ್ಣುವವರದೇ. ಮೊದಲು ಎರಡು ಹೋಳು, ಆಮೇಲೆ ನಾಲ್ಕು, ಅನಂತರ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಸುಕಿ ಕಾಳಿನಷ್ಟು ಸಣ್ಣ ಚೂರುಗಳಾಗಿ ಹರಿಯುತ್ತಾ ಹೋಗಬೇಕು. ಚೂರು ದೊಡ್ಡದಾದರೆ ಸಾರು ಒಳಗಿಳಿಯದು. ಕೈಪಳಗಿದವರಿಗೂ ಇದಕ್ಕೆ ಬಹಳ ಹೊತ್ತು ಬೇಕು. ಈ ಅಡುಗೆಯ ಹಿರಿಮೆ ಇರುವುದೇ ಆ ಹೊತ್ತಿನಲ್ಲಿ. ತಟ್ಟೆಯಲ್ಲಿ ತಿನ್ನಲು ಇನ್ನೂ ಏನೂ ಬಂದಿರುವುದಿಲ್ಲ, ಕೈಗೆ ಕೆಲಸವಿದೆ, ಬಾಯಿಗೆ ಬಿಡುವಿದೆ. ಬಹುಕಾಲದ ಮೇಲೆ ಸೇರಿದ ಅಜ್ಜಿ, ಮೊಮ್ಮಗ, ಅಳಿಯ, ಸೊಸೆ ಎಲ್ಲರೂ ಒಂದೇ ಕೆಲಸದಲ್ಲಿ ತೊಡಗಿ ಊರಿನ ಸುದ್ದಿ, ಹೊಲದ ಸುದ್ದಿ, ಯಾರದೋ ಮದುವೆಯ ಸುದ್ದಿ ಮಾತಾಡುತ್ತಾರೆ. ಬೆರಳುಗಳಲ್ಲಿ ಶಕ್ತಿಯಿಲ್ಲದ ಹಿರಿಯರ ಪಾಲಿನ ರೊಟ್ಟಿಯನ್ನು ಪಕ್ಕದಲ್ಲಿ ಕುಳಿತವರು ಮುರಿದುಕೊಡುತ್ತಾರೆ.

ಬೋಗುಣಿ ತುಂಬಿದ ಮೇಲೆ ಅದರ ಮೇಲೊಂದು ಸಂಖ್ಯೆಯ ಬಿಲ್ಲೆಯಿಟ್ಟು ಅಡುಗೆಮನೆಗೆ ಒಯ್ಯುತ್ತಾರೆ. ಯಾರು ಮುರಿದದ್ದು ಅವರಿಗೇ ಮರಳಿ ಬರಬೇಕೆಂಬುದಕ್ಕೆ ಆ ಬಿಲ್ಲೆ. ಬಾಣಸಿಗನು ಒಂದೊಂದು ಬೋಗುಣಿಯನ್ನೂ ಬೇರೆಬೇರೆಯಾಗಿ, ರಾತ್ರಿಯೆಲ್ಲ ಕುದಿದ ಎಲುಬಿನ ಸಾರಿನಲ್ಲಿ ಮಾಂಸದ ತುಂಡು, ಗಾಜಿನೆಳೆಯಂಥ ಶಾವಿಗೆ, ಈರುಳ್ಳಿ ಸೊಪ್ಪು ಹಾಕಿ ಬೇಯಿಸುತ್ತಾನೆ. ಸಾರು ಎಷ್ಟಿರಬೇಕೆಂಬುದಕ್ಕೆ ನಿಶ್ಚಿತ ಹೆಸರುಗಳಿವೆ: ರಸವೆಲ್ಲ ರೊಟ್ಟಿಗೆ ಇಂಗಿರುವುದು ಒಣ ಬಗೆ; ಉಂಡು ಮುಗಿದಾಗ ಒಂದು ಗುಟುಕು ಉಳಿಯುವುದು ಇನ್ನೊಂದು; ನಡುವೆ ರೊಟ್ಟಿಯ ದಿಬ್ಬ, ಸುತ್ತ ಸಾರು ಇರುವುದಕ್ಕೆ ನೀರು ಸುತ್ತಿದ ಕೋಟೆಯೆಂದು ಹೆಸರು; ರೊಟ್ಟಿಯನ್ನು ಮುರಿಯದೆ ಸಾರಿನೊಡನೆ ಬೇರೆಯಾಗಿ ತಿನ್ನುವುದು ನಾಲ್ಕನೆಯದು. ನಂಚಿಕೊಳ್ಳಲು ಸಕ್ಕರೆ ಮತ್ತು ವಿನೆಗರಿನಲ್ಲಿ ಹಾಕಿಟ್ಟ ಇಡೀ ಬೆಳ್ಳುಳ್ಳಿ, ಮೆಣಸಿನಕಾಯಿಯ ಗೊಜ್ಜು, ಕೊತ್ತಂಬರಿ ಸೊಪ್ಪು ಬರುತ್ತವೆ. ಬಲ್ಲವರು ಬೋಗುಣಿಯನ್ನು ಕಲಕುವುದಿಲ್ಲ. ಒಂದು ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುತ್ತಾ ಹೋದರೆ ಕೊನೆಯವರೆಗೂ ಬಿಸಿ ಆರದು. 1898ರಷ್ಟು ಹಿಂದೆ ಆರಂಭವಾದ ಲಾವೋ ಸುನ್ ಜಿಯಾ ಇದಕ್ಕೆ ಹೆಸರಾದ ಮನೆತನದ ಉಪಾಹಾರಗೃಹ. ಇತ್ತೀಚೆಗೆ ಹಲವು ಕಡೆ ಯಂತ್ರದಲ್ಲಿ ಕತ್ತರಿಸಿದ ರೊಟ್ಟಿಯೂ ಸಿಗುತ್ತದೆ. ಅವಸರದಲ್ಲಿರುವವರಿಗೆ ಅದು ಅನುಕೂಲವಿರಬಹುದು, ನೆಂಟರನ್ನು ಕರೆದೊಯ್ದವರು ಅದನ್ನು ಆರಿಸಿಕೊಂಡರೆ ಆ ಊಟದ ತಿರುಳನ್ನೇ ಬಿಟ್ಟಂತೆ.

ಕನ್ನಡ ಓದುಗರಲ್ಲಿ ಸಸ್ಯಾಹಾರಿಗಳು ಬಹಳ ಮಂದಿ ಇರುವುದರಿಂದ ಅವರ ಪಾಲಿಗೆ ಶಿಯಾನ್‌ನಲ್ಲಿ ಏನಿದೆಯೆಂಬುದನ್ನು ಹೇಳುವುದು ಅವಶ್ಯ. ಮೊದಲನೆಯದು ಲಿಯಾಂಗ್‌ಪಿ. ಗೋಧಿಹಿಟ್ಟನ್ನು ಗಟ್ಟಿಯಾಗಿ ನಾದಿ, ಆ ಮುದ್ದೆಯನ್ನು ನೀರಿನೊಳಗೆ ಹಿಸುಕಿ ಹಿಸುಕಿ ತೊಳೆದರೆ ಪಿಷ್ಟವೆಲ್ಲ ನೀರಿಗಿಳಿದು, ಕೈಯಲ್ಲಿ ರಬ್ಬರಿನಂತೆ ಎಳೆಯುವ ಅಂಟಿನ ಭಾಗ ಉಳಿಯುತ್ತದೆ. ಬೆಳ್ಳಗಾದ ಆ ನೀರನ್ನು ಗಂಟೆಗಟ್ಟಲೆ ನಿಲ್ಲಿಸಿ, ಮೇಲಿನ ತಿಳಿಯನ್ನು ಬಸಿದು, ತಳದ ಗಟ್ಟಿ ಹಾಲನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಹಬೆಯಲ್ಲಿ ಬೇಯಿಸಿದರೆ ಬೆಳಕು ಹಾಯುವಂಥ ಹಾಳೆಯಾಗುತ್ತದೆ. ಅದನ್ನು ಆರಿಸಿ, ಬೆರಳಗಲದ ಪಟ್ಟಿಗಳಾಗಿ ಕೊಯ್ದು, ಸೌತೆಕಾಯಿಯ ಎಳೆಗಳು, ಮೊಳಕೆಕಾಳು, ಹಬೆಯಲ್ಲಿ ಬೇಯಿಸಿದ ಆ ಅಂಟಿನ ತುಂಡುಗಳು, ವಿನೆಗರ್, ಬೆಳ್ಳುಳ್ಳಿ ನೀರು, ಕೆಂಪು ಮೆಣಸಿನಕಾಯಿಯ ಎಣ್ಣೆ ಸೇರಿಸಿ ತಣ್ಣಗೆ ಬಡಿಸುತ್ತಾರೆ. ಬೇಸಗೆಯಲ್ಲಿ ಇದಕ್ಕೆ ಸಮನಾದ ತಿನಿಸು ಆ ಊರಿನಲ್ಲಿ ಬೇರೆ ಇಲ್ಲ.

ಎರಡನೆಯದು ಬಿಯಾಂಗ್‌ಬಿಯಾಂಗ್ ನೂಡಲ್ಸ್. ನಾದಿ ನೆನೆಯಲು ಬಿಟ್ಟ ಹಿಟ್ಟಿನ ಉಂಡೆಯನ್ನು ಎರಡೂ ಕೈಗಳಿಂದ ಎಳೆದು ಹಲಗೆಗೆ ಬಡಿಯುತ್ತಾ, ಎರಡು ಮೂರು ಬೆರಳಗಲದ ಸೊಂಟಪಟ್ಟಿಯಷ್ಟು ಉದ್ದ ಮಾಡಿ ಕುದಿಯುವ ನೀರಿಗೆ ಬಿಡುತ್ತಾರೆ. ಬೆಂದದ್ದನ್ನು ಬೋಗುಣಿಗೆ ಹಾಕಿ, ಮೇಲೆ ಒಣಮೆಣಸಿನಕಾಯಿ ಪುಡಿ, ಉಪ್ಪು, ಬೆಳ್ಳುಳ್ಳಿ ಉದುರಿಸಿ, ಹೊಗೆಯಾಡುವಷ್ಟು ಕಾಯ್ದ ಎಣ್ಣೆಯನ್ನು ಅದರ ಮೇಲೆ ಸುರಿದಾಗ ಚುರ್ ಎಂದು ಏಳುವ ಸದ್ದು, ಘಮಲು ಕನ್ನಡದ ಮನೆಗಳ ಒಗ್ಗರಣೆಯನ್ನೇ ನೆನಪಿಸುತ್ತವೆ. ನಾಲಿಗೆ ಜುಮ್ಮೆನ್ನಿಸುವ ಹುವಾಜಿಯಾವ್ ಎಂಬ ಕಾಳೂ ಇಂಥ ಅಡುಗೆಗಳಲ್ಲಿರುತ್ತದೆ. ಕರಾವಳಿ ಮಲೆನಾಡುಗಳ ಅಡುಗೆಯಲ್ಲಿ ಬಳಸುವ ಜುಮ್ಮನಕಾಯಿಯ ಕುಲಕ್ಕೆ ಸೇರಿದ್ದು ಅದು. ಮೆಣಸಿನಕಾಯಿಯಾದರೋ ಅಮೆರಿಕ ಖಂಡದಿಂದ ಸಮುದ್ರ ದಾಟಿ ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಚೀನಾ ತಲುಪಿದ ವಸ್ತು. ಆದ್ದರಿಂದ ಹ್ಯುಯೆನ್ ತ್ಸಾಂಗ್ ಕಂಡ ಚಾಂಗ್‌ಆನ್‌ನಲ್ಲಿ ಈ ಕೆಂಪು ಎಣ್ಣೆ ಇರಲಿಲ್ಲ, ಅವನು ಕಂಡ ಪುಲಕೇಶಿಯ ನಾಡಿನಲ್ಲೂ ಕೆಂಪು ಚಟ್ನಿ ಇರಲಿಲ್ಲ.

ಉಂಡ ಮೇಲೆ ನೂಡಲ್ಸ್ ಬೇಯಿಸಿದ ಗಂಜಿನೀರನ್ನು ಬೋಗುಣಿಯಲ್ಲಿ ಕೊಡುವುದು ಅಲ್ಲಿನ ವಾಡಿಕೆ. ತಿಂದದ್ದು ಅರಗುತ್ತದೆಂಬ ನಂಬಿಕೆ. ಸಸ್ಯಾಹಾರಿಗಳು ಗಮನಿಸಬೇಕಾದ ಒಂದು ಅಂಶವೆಂದರೆ, ಮೇಲೆ ತರಕಾರಿಯಷ್ಟೇ ಕಾಣುವ ಸಾರಿನ ಅಡಿಯಲ್ಲಿ ಎಲುಬಿನ ರಸವಿರುವುದು ಚೀನಾದಲ್ಲಿ ಸಾಮಾನ್ಯವಾದ್ದರಿಂದ, ಸಾರಿಲ್ಲದ ಅಡುಗೆಯನ್ನು ಆರಿಸಿಕೊಂಡು, ಮಾಂಸವನ್ನೂ ಪ್ರಾಣಿಯ ಕೊಬ್ಬನ್ನೂ ಹಾಕಬಾರದೆಂದು ಮಕ್ಕಳು ಬಿಡಿಸಿ ಹೇಳಬೇಕು. ಬೌದ್ಧ ಮಠಗಳ ಸಂಪ್ರದಾಯದ ಸಸ್ಯಾಹಾರದಲ್ಲಿ ಈರುಳ್ಳಿ ಬೆಳ್ಳುಳ್ಳಿಗಳೂ ನಿಷಿದ್ಧ. ಅವುಗಳನ್ನು ತಿನ್ನದ ಮನೆಗಳಿಂದ ಹೋದವರಿಗೆ ಇದು ನೆಮ್ಮದಿಯ ಸಂಗತಿ.

ಚೀನೀ ಕುಟುಂಬವೊಂದು ನೆಂಟರನ್ನು ದೊಡ್ಡ ಊಟಕ್ಕೆ ಕರೆದಾಗ ದುಂಡುಮೇಜಿನ ಸುತ್ತ ಕುಳಿತುಕೊಳ್ಳುವ ಕ್ರಮವೂ ಗಮನಾರ್ಹ. ಬಾಗಿಲಿಗೆ ಎದುರಾದ ಸ್ಥಾನ ಹಿರಿಯರದು ಅಥವಾ ಮುಖ್ಯ ಅತಿಥಿಯದು. ಅವರು ಊಟದ ಕಡ್ಡಿಗಳನ್ನು ಎತ್ತುವವರೆಗೆ ಉಳಿದವರು ಎತ್ತುವುದಿಲ್ಲ. ನಡುವಿನ ತಿರುಗುವ ಹಲಗೆಯ ಮೇಲೆ ಬಂದ ಪದಾರ್ಥಗಳು ಎಲ್ಲರಿಗೂ ಸೇರಿದವು, ಪಂಕ್ತಿಯಲ್ಲಿ ಒಬ್ಬೊಬ್ಬರಿಗೆ ಬಡಿಸುವ ಕ್ರಮ ಅಲ್ಲಿಲ್ಲ. ಆದರೂ ಒಳ್ಳೆಯ ತುಂಡನ್ನು ಬೇರೆ ಕಡ್ಡಿಗಳಿಂದ ಆರಿಸಿ ಅಜ್ಜಿಯ ಬಟ್ಟಲಿಗೆ ಹಾಕುವುದು ಪ್ರೀತಿಯನ್ನು ಬಾಯಿಬಿಟ್ಟು ಹೇಳದ ಸಮಾಜದಲ್ಲಿ ಅದನ್ನು ತಿಳಿಸುವ ಮಾರ್ಗ. ಅನ್ನದ ಬಟ್ಟಲಿನಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಡಬಾರದು, ಅದು ಸತ್ತವರಿಗೆ ಊದುಬತ್ತಿ ಹಚ್ಚಿದಂತೆ ಕಾಣುತ್ತದೆಂಬುದು ಅವರ ಭಾವನೆ. ಮೇಜಿನ ಮೇಲೆ ಮಿಕ್ಕುವಷ್ಟು ತರಿಸುವುದೇ ಹಿಂದೆ ಧಾರಾಳತನದ ಗುರುತಾಗಿತ್ತು. 2021ರ ಏಪ್ರಿಲ್‌ನಲ್ಲಿ ಆಹಾರ ಪೋಲಿನ ವಿರುದ್ಧ ಕಾನೂನು ಬಂದ ಮೇಲೆ ಅಳತೆಯಿಂದ ತರಿಸುವುದಕ್ಕೂ ಉಳಿದದ್ದನ್ನು ಕಟ್ಟಿಸಿಕೊಂಡು ಹೋಗುವುದಕ್ಕೂ ಇನ್ನಷ್ಟು ಒತ್ತು ಸಿಕ್ಕಿದೆ, ಇದು ಸ್ವಾಗತಾರ್ಹವಾದ ಬದಲಾವಣೆ.

ಇಷ್ಟೆಲ್ಲ ಗೋಧಿಯ ಅಡುಗೆಗಳನ್ನು ಕಂಡವರಿಗೆ ಶಿಯಾನ್ ಎಂದಿನಿಂದಲೂ ಗೋಧಿಯ ನಾಡೆಂದು ತೋರಬಹುದು. ಗೋಧಿಯೂ ಪಶ್ಚಿಮ ಏಷ್ಯದಿಂದ ಬಂದ ಧಾನ್ಯವೇ. ನಗರದ ಪೂರ್ವದ ಅಂಚಿನಲ್ಲಿ 1953ರಲ್ಲಿ ಪತ್ತೆಯಾದ ಬಾನ್‌ಪೋ ಎಂಬ ನವಶಿಲಾಯುಗದ ಹಳ್ಳಿ ಆರು ಸಾವಿರ ವರ್ಷಗಳಿಗೂ ಹಿಂದಿನದು. ಅರ್ಧ ನೆಲದೊಳಗಿದ್ದ ಗುಡಿಸಲುಗಳ ಕುರುಹು, ಮೀನಿನ ಚಿತ್ರ ಬರೆದ ಮಡಕೆ, ಸುತ್ತಲಿನ ಕಂದಕ ಇವುಗಳ ಜೊತೆಗೆ ಅಲ್ಲಿ ದೊರೆತ ಕಾಳು ನವಣೆ. ಉತ್ತರ ಚೀನಾ ನವಣೆಯ ತವರು, ಬರಗಿನ ತವರೂ ಅದೇ. ಗೋಧಿಯನ್ನು ಬೀಸುವ ದೊಡ್ಡ ಕಲ್ಲುಗಳೂ ನೀರಿನಿಂದ ತಿರುಗುವ ಗಿರಣಿಗಳೂ ಹಬ್ಬಿ, ರೊಟ್ಟಿ ನೂಡಲ್ಸ್‌ಗಳು ತಾಂಗ್ ಕಾಲದಲ್ಲಿ ಮೇಲುಗೈ ಪಡೆಯುವವರೆಗೆ ಈ ಬಯಲಿನ ಜನ ಉಣ್ಣುತ್ತಿದ್ದುದು ಆ ಕಿರುಧಾನ್ಯಗಳನ್ನೇ. ಬಾನ್‌ಪೋ ವಸ್ತುಸಂಗ್ರಹಾಲಯವನ್ನು ಒಂದು ಬೆಳಗ್ಗೆ ನೋಡಿ ಮುಗಿಸಬಹುದು. ಅಲ್ಲಿಗೆ ಹೊರಡುವ ಮೊದಲು ಊರಿನ ಯಾವುದೇ ಬೆಳಗಿನ ತಿಂಡಿಯ ಅಂಗಡಿಯಲ್ಲಿ ಶಿಯಾವ್‌ಮಿ ಗಂಜಿ ಕೇಳಿದರೆ, ಹಳದಿ ಬಣ್ಣದ, ಉಪ್ಪು ಸಕ್ಕರೆ ಎರಡೂ ಇಲ್ಲದ, ನವಣೆ ಅಕ್ಕಿಯ ತೆಳು ಗಂಜಿ ಬೋಗುಣಿ ತುಂಬ ಬಿಸಿಬಿಸಿಯಾಗಿ ಬರುತ್ತದೆ, ಜೊತೆಗೆ ಉಪ್ಪಿನಲ್ಲಿ ಹಾಕಿದ ಮೂಲಂಗಿಯನ್ನೋ ಹಬೆಯಲ್ಲಿ ಬೆಂದ ಬನ್ನನ್ನೋ ಕೊಡುತ್ತಾರೆ. ಕೊಪ್ಪಳ, ಬಳ್ಳಾರಿಗಳ ಕಡೆಯಿಂದ ಹೋದ ಹಿರಿಯರಿಗೆ ಅದು ಏನೆಂದು ಯಾರೂ ವಿವರಿಸಬೇಕಾಗುವುದಿಲ್ಲ.